ಒಂದು ಕಡಿಮೆ

ಎಣಿಸಿಕೋ ಅಸಿಮೀನಾ, ಅವಸರವಿಲ್ಲ.
ಕಿಟಕಿ ಮಾತ್ರ ಮುಚ್ಚಿಬಿಡು, ಬಂದರಿನ ಗಾಳಿಗೆ
ಇವು ಎಲ್ಲಿಗೆ ಬೇಕಾದರೂ ಹಾರಿಯಾವು.
ಸೀನು ಬಂದರೆ ಪಕ್ಕದ ಕೋಣೆಗೆ ಓಡು.
ಮೂರು ಗುಲಗಂಜಿ ತೂಕದ ಬೆಳ್ಳಿ,
ಕೆಲವು ಅಷ್ಟೂ ಇಲ್ಲ.

ಇಲಾಖೆಯ ಪಟ್ಟಿಯಲ್ಲಿ ನಲವತ್ತೊಂದು.
ಹೌದು, ನಿನ್ನ ಎಣಿಕೆ ಸರಿ. ನಲವತ್ತೇ ಇವೆ.
ಕಾಫಿ ಆರುತ್ತಿದೆ, ಕುಡಿ. ಹೇಳುತ್ತೇನೆ.

ದೊಡ್ಡ ನಾಣ್ಯ ನನಗೆ ಬೇಡ.
ಗೂಬೆ, ರಾಜರ ಮೂಗು, ನಾಲ್ಕು ಕುದುರೆಯ ರಥ,
ಅವನ್ನೆಲ್ಲ ಗಡಿಗೆಗೆ ತುಂಬಿ ಹೂತಿಟ್ಟವರಿದ್ದರು.
ಇವನ್ನು ಯಾರು ಹೂತಿಟ್ಟಾರು? ಇವು ಕಳೆದುಹೋದವು.
ಸಂತೆಯ ಕೆಸರಲ್ಲಿ, ಹಡಗಿನ ಹಲಗೆ ಸಂದಿಯಲ್ಲಿ,
ಈರುಳ್ಳಿ ತಾ ಎಂದು ಕಳಿಸಿದ ಹುಡುಗನ ಬೆರಳ ನಡುವಿನಿಂದ.
ಒಂದೊಂದಕ್ಕೂ ಯಾರೋ ಮನೆಯಲ್ಲಿ ಬೈಸಿಕೊಂಡಿದ್ದಾರೆ.
ಕೆಲವರು ಏಟೂ ತಿಂದಿರಬೇಕು.
ಮಂಡಿಯೂರಿ ಮಣ್ಣು ಕೆದಕಿದ ನಲವತ್ತೊಂದು ಸಂಜೆ
ಈ ತಟ್ಟೆಯಲ್ಲಿವೆ.

ಮೂವತ್ತಾರು ವರ್ಷ ಜನರ ಬಾಯಿಗೆ ಬಗ್ಗಿದವಳು ನಾನು.
ಈ ಚಿಮಟ, ಈ ದುಂಡು ಕನ್ನಡಿ, ಈ ದೀಪ
ಎಲ್ಲ ಅದೇ ಕ್ಲಿನಿಕ್ಕಿನವು.
ತಂಬಾಕು ಗೋದಾಮಿನ ಹೆಂಗಸರ ಹಲ್ಲಿನ ಕಂದು
ಅವರ ಹೆಸರಿಗಿಂತ ಚೆನ್ನಾಗಿ ನೆನಪಿದೆ.
ಅಂಥವಳಿಗೆ ಒಂದು ದಿನ ತಿಳಿಯಿತು:
ಇಂಥ ಕಾಸನ್ನು ಆ ಕಾಲದವರು
ಬಾಯಲ್ಲಿಟ್ಟುಕೊಂಡೇ ಪೇಟೆಗೆ ಹೋಗುತ್ತಿದ್ದರಂತೆ,
ಕೆನ್ನೆಗೂ ದವಡೆಗೂ ನಡುವೆ. ಜೇಬಿಲ್ಲದ ಬಟ್ಟೆ, ಪಾಪ.

ಯೋಚಿಸು. ಚೌಕಾಸಿ ಮಾಡುವುದು ಹೇಗೆ?
ಹಳಸಲು ಮೀನು ಎಂದು ಬಯ್ಯುವಾಗ ಕಾಸು ಎತ್ತ ಸರಿಯುತ್ತದೆ?
ದವಡೆಹಲ್ಲು ಕೀಳಿಸಿಕೊಂಡವರು ಯಾವ ಕಡೆ ಇಡುತ್ತಾರೆ?
ವೈದ್ಯಕೀಯ ಪ್ರಶ್ನೆ ಇದು. ಮೂರು ರಾತ್ರಿ ನಿದ್ದೆ ಬರಲಿಲ್ಲ.

ಮೂವತ್ತೇಳನೆಯದನ್ನು ಆರಿಸಿದೆ. ನಮ್ಮೂರಿನದೇ,
ಕವಾಲಾಕ್ಕೆ ಬೇರೆ ಹೆಸರಿದ್ದ ಕಾಲದ್ದು.
ಒಂದು ಬದಿ ಕೊರೆದ ಚೌಕ, ಹುಳುಕು ತೆಗೆದ ಹಲ್ಲಿನಷ್ಟು ಶುದ್ಧ.
ಇನ್ನೊಂದು ಬದಿ ಹಾವುಗೂದಲ ರಾಕ್ಷಸಿ,
ಬಾಯಿ ಕಿಸಿದು ನಾಲಿಗೆ ಚಾಚಿದ್ದಾಳೆ.
ನೋಡಿದವರು ಕಲ್ಲಾಗುತ್ತಾರಂತೆ.
ನನಗೋ ಎಂದಿನಿಂದಲೂ
'ಆ' ಎನ್ನುತ್ತಿರುವ ರೋಗಿ. ಕೆಳದವಡೆ ಗಟ್ಟಿಯಿದೆ.

ಬಿಸಿನೀರಲ್ಲಿ ತೊಳೆದು ಕೆನ್ನೆಗಿಟ್ಟುಕೊಂಡೆ.
ರುಚಿ? ಮೊದಲು ಚಮಚದ್ದು. ಆಮೇಲೆ ಸ್ವಲ್ಪ ಸಮುದ್ರದ್ದು.
ಕನ್ನಡಿ ಮುಂದೆ ನಿಂತು ಬಂಗುಡೆಗೆ ದರ ಕೇಳಿದೆ.
ಚೆನ್ನಾಗಿಯೇ ಬರುತ್ತಿತ್ತು.

ಆಗ ಫೋನು. ಅಕ್ಕ ಥೆಕ್ಲಾ, ಮೆಲ್ಬರ್ನ್‌ನಿಂದ.
ಅಪ್ಪನ ದೋಣಿಮನೆ ಮಾರಿದ ದಿನದಿಂದ
ಹನ್ನೊಂದು ವರ್ಷ ಮಾತು ಬಿಟ್ಟವಳು.
"ಪೊಲಿಕ್ಸೇನಿ, ಬಾಯಲ್ಲಿ ಏನಿದೆ?"
ಮೊದಲ ಮಾತೇ ಅದು,
ಸಕ್ಕರೆ ಕದ್ದಾಗ ಕೇಳುತ್ತಿದ್ದ ಅದೇ ದನಿ.
ಆಗ ಮಾಡುತ್ತಿದ್ದುದನ್ನೇ ಮಾಡಿದೆ.
ನುಂಗಿದೆ.
ಏನಿಲ್ಲ, ಎಂದೆ.

ಎರಡು ಗಂಟೆ ಮಾತಾಡಿದೆವು.
ಮಾತು ಬೆಳ್ಳಿ ಎನ್ನುತ್ತಾರಲ್ಲ, ಇರಬಹುದು.
ಆಮೇಲಿನ ಮೂರು ದಿನದ ಹುಡುಕಾಟವನ್ನು
ನಿನ್ನ ಕಾಫಿ ಮುಗಿದ ಮೇಲೆ ಹೇಳುತ್ತೇನೆ.
ಸಿಗಲಿಲ್ಲ.

ಸತ್ತವರ ನಾಲಿಗೆಯಡಿ ಅಂಬಿಗನ ಕೂಲಿ ಇಡುತ್ತಿದ್ದರು, ಗೊತ್ತಲ್ಲ.
ನನ್ನ ಗಂಡನಿಗೆ ಇಡಲಿಲ್ಲ, ಪಾದ್ರಿ ನೋಡುತ್ತಿದ್ದ.
ಅಲ್ಲದೆ ಅವನಿಗೆ ಈಜು ಬರುತ್ತಿತ್ತು.
ನನ್ನದು ಮುಂಗಡ ಕೊಟ್ಟಾಯಿತು.

ನಿನ್ನ ಫಾರಮ್ಮಿನಲ್ಲಿ ಕಳವು ಇದೆ, ಬೆಂಕಿ ಇದೆ, ನೆರೆ ಇದೆ.
'ಇತರೆ'ಗೆ ಬೆರಳಗಲ ಜಾಗ.
ಬರೆ: ಖರ್ಚಾಯಿತು.
ಎರಡೂವರೆ ಸಾವಿರ ವರ್ಷದ ಮೇಲೆ
ಒಂದು ಕಾಸು ಖರ್ಚಾಯಿತು ಅಂತ ಬರೆ,
ಕೆಳಗೆ ನಾನೇ ರುಜು ಹಾಕುತ್ತೇನೆ.

ನಗಬೇಡ. ಅಲ್ಲ, ನಗು,
ಹಾಗೇ ಇರು, ದೀಪ ಈ ಕಡೆ ತಿರುಗಿಸುತ್ತೇನೆ.
ಆಗಿನಿಂದ ನೋಡುತ್ತಿದ್ದೇನೆ,
ಬರೀ ಎಡಗಡೆಯಿಂದ ಕುಡಿಯುತ್ತಿದ್ದೀ.
ಬಲಗಡೆ, ಮೇಲಿನದು, ಹಿಂದಿನಿಂದ ಎರಡನೆಯದು.
ಎಷ್ಟು ದಿನವಾಯಿತು ನೋಯುತ್ತ?