ಒಂಬತ್ತನೇ ಕಾಲಂ

ಗಂಡಸಿನ ಸಂಬಳ ಕೇಳಬಾರದು, ಹೆಂಗಸಿನ ವಯಸ್ಸು ಕೇಳಬಾರದು
ಅಂತ ಗಾದೆ ಕಟ್ಟಿದವರು
ಹದಡಿ ರೋಡಿನ ಈ ಆಸ್ಪತ್ರೆಗೆ ಬಂದಿರಲಿಕ್ಕಿಲ್ಲ.
ನಾಲ್ಕನೇ ಕಾಲಂನಲ್ಲಿ ವಯಸ್ಸು ಬರೆದಾಯಿತು: ಮೂವತ್ತೆಂಟು.
ಒಂಬತ್ತನೆಯದು, ಈಗಿನ ಸಂಬಳ.
ಅದನ್ನು ದಾಟಿ ಹತ್ತಕ್ಕೆ ಹೋದೆ, ಹನ್ನೊಂದಕ್ಕೆ ಹೋದೆ,
ವಿಳಾಸ, ಪಿನ್ ಕೋಡ್, ಸಹಿ.

ಮೇಜಿನ ಮೇಲೆ ಜಾರುತ್ತಾ ಫಾರಂ ತಿರುಗಿ ಬಂತು.
"ಇದೊಂದು ಖಾಲಿ ಐತಲ್ರಿ, ಸರ್ವಮಂಗಳಾ ಅವ್ರೆ."

ಯಾವುದನ್ನು ಬರೆಯಲಿ?
ಚೌಕಿಪೇಟೆಯ ಜವಳಿ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವವಳು ನಾನು.
ರಿಜಿಸ್ಟರಿನಲ್ಲಿ ನನ್ನ ಸಂಬಳ ಹನ್ನೆರಡು ಸಾವಿರ, ಬರೆಯುವವಳು ನಾನೇ.
ಕವರಿನಲ್ಲಿ ಇನ್ನು ನಾಲ್ಕೂವರೆ, ಎಣಿಸಿ ಹಾಕುವವಳೂ ನಾನೇ.
ಅತ್ತೆಗೆ ಹೇಳಿದ್ದು ಹದಿನಾಲ್ಕು.
ಚೀಟಿ ನಡೆಸುವ ವಿಶಾಲಾಕ್ಷಿಗೆ ಹೇಳಿದ್ದು ಇಪ್ಪತ್ತು.
ದೀಪಾವಳಿಗೆ ಒಂದು ಸೀರೆ, ಸೆರಗಿನಲ್ಲಿ ನೇಯ್ಗೆ ತಪ್ಪಿದ್ದು,
ಅದನ್ನು ಎಲ್ಲಿ ಹಿಡಿಸಲಿ?

ನಮ್ಮ ದೊಡ್ಡಪ್ಪ ದನದ ದಲ್ಲಾಳಿ.
ಟವೆಲ್ಲಿನ ಕೆಳಗೆ ಎರಡು ಕೈ,
ಬೆರಳು ಬೆರಳನ್ನು ಒತ್ತಿ ವ್ಯಾಪಾರ.
ಮೇಲೆ ಬರೀ ಮುಖಗಳು, ಬೀಗರ ಸುದ್ದಿ ಮಾತಾಡುತ್ತಾ.
ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸುವನು,
"ಆರು ಹಲ್ಲು", "ಇದು ಬಾಯಿಗೂಡೈತಿ",
ಬಾಲ ತಿರುವುವನು, ಹತ್ತು ಹೆಜ್ಜೆ ನಡೆಸುವನು.
ಹೋದ ಸಲ ಇದನ್ನು ಎಷ್ಟಕ್ಕೆ ಹಿಡಿದೆ ಅಂತ
ಮಾರುವವನನ್ನು ಕೇಳಿದ್ದು ನಾನಂತೂ ನೋಡಿಲ್ಲ.
ಕೇಳಿದರೂ ಅವನು ಹೇಳುತ್ತಿದ್ದನೇ?
ಎತ್ತನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅದು ಬೇರೆ.

ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.
ಮುಬೀನಾ ನೆನಪಾದಳು.
ಆಷಾಢದ ಸೇಲ್ ಮುಗಿದ ವಾರ ಕೆಲಸ ಕೇಳಿಕೊಂಡು ಬಂದವಳು,
ಮಂಡಕ್ಕಿ ಭಟ್ಟಿಯ ಓಣಿಯಿಂದ,
ಬಿ.ಕಾಂ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ
ಎದೆಗೆ ಒತ್ತಿಕೊಂಡು.
ನಾನೇ ಕೇಳಿದ್ದು, ಇದೇ ದನಿಯಲ್ಲಿ:
"ಈಗಿರೋ ಕಡೆ ಎಷ್ಟು ಕೊಡ್ತಾರಮ್ಮ?"
"ಏಳು ಸಾವಿರ ಮೇಡಂ."
ಸುಳ್ಳು ಹೇಳಲು ಗೊತ್ತಿರಲಿಲ್ಲ ಅವಳಿಗೆ,
ಅಥವಾ ಗೊತ್ತಿದ್ದೂ ಹೇಳಲಿಲ್ಲ.
ಸಾಹುಕಾರರು ಹತ್ತರವರೆಗೂ ಹೋಗು ಅಂದಿದ್ದರು.
ನಾನು ಏಳೂವರೆ ಬರೆದೆ.
ಅವಳು ಥ್ಯಾಂಕ್ಸ್ ಅಂದಳು.
ಸಾಹುಕಾರರು ಭೇಷ್ ಅಂದರು.
ತಿಂಗಳಿಗೆ ಎರಡೂವರೆ ಸಾವಿರ ಉಳಿಯಿತು,
ಅದರಲ್ಲಿ ಒಂದು ರೂಪಾಯಿಯೂ ನನ್ನ ಕವರಿಗೆ ಬರಲಿಲ್ಲ.
ಬಂದಿದ್ದರೇ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ,
ಹೇಳಿಕೊಳ್ಳಲಿಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

"ಸುಮ್ನೆ ಅಭ್ಯಾಸಕ್ಕೆ ಕೇಳ್ತೀವಿ, ಬರೀರಿ" ಅಂದ ಎದುರಿನವನು,
ನನಗಿಂತ ಹತ್ತು ವರ್ಷ ಚಿಕ್ಕವನು,
ಕೊರಳಲ್ಲಿ ತನ್ನದೇ ಫೋಟೋ ಹಾಕಿಕೊಂಡವನು.
ಕೇಳಿಬಿಟ್ಟೆ:
ಈ ಕೆಲಸದಲ್ಲಿ ನನಗಿಂತ ಮುಂಚೆ ಇದ್ದವರಿಗೆ
ನೀವು ಎಷ್ಟು ಕೊಡ್ತಿದ್ರಿ?

ಅವನ ಅಂಗೈ ತಾನಾಗಿಯೇ ಹೋಗಿ
ಪಕ್ಕದ ಫೈಲಿನ ಮೇಲೆ ಕೂತಿತು.
"ಅದನ್ನೆಲ್ಲ ಹೇಳಾಕೆ ಬರಲ್ಲ ಮೇಡಂ, ಕಾನ್ಫಿಡೆನ್ಷಿಯಲ್."
ಟವೆಲ್ ಇತ್ತು.
ಅವರ ಕೈ ಮೇಲೆ ಮಾತ್ರ.

ಒಂಬತ್ತರಲ್ಲಿ ಒಂದು ಅಡ್ಡಗೆರೆ ಎಳೆದು ಕೊಟ್ಟು ಬಂದೆ.
ಫೋನ್ ಮಾಡ್ತೀವಿ ಅಂದ.
ಮಾಡಲೂಬಹುದು.

ಹನ್ನೆರಡೂವರೆಗೆ ಮತ್ತೆ ಚೌಕಿಪೇಟೆ, ಗಂಜಿ ವಾಸನೆಯ ಹೊಸ ಥಾನುಗಳು.
ಮುಬೀನಾ ಬಿಲ್ಲಿನ ಕಟ್ಟಿಗೆ ರಬ್ಬರ್ ಹಾಕುತ್ತಿದ್ದಳು.
"ಎಲ್ಲಿ ಹೋಗಿದ್ರಿ ಮೇಡಂ? ಸಾಹುಕಾರ್ರು ಎರಡು ಸಲ ಕೇಳಿದ್ರು."
ಹಲ್ಲಿನ ಡಾಕ್ಟರ್ ಹತ್ರ.
"ಕಿತ್ತರಾ?"
ಇಲ್ಲಮ್ಮ.
ಎಣಿಸಿದರು.