ಮುಟ್ಟಿತು

ಬೆಟಗೇರಿಯ ನೂಲಿನ ಕೋಠಿಯಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದವಳು
ನನ್ನ ಅಜ್ಜಿ ಯುನೀಸವ್ವ. ಪೆನ್ಸಿಲ್ಲು ತುರುಬಿನಲ್ಲಿ.
ಇಂಥವರ ಮಗ್ಗಕ್ಕೆ ಇಷ್ಟು ಲಡಿ ಕೊಟ್ಟದ್ದು,
ಸೀರೆ ಬಂದ ದಿನ ಅದರ ಎದುರಿಗೆ ಒಂದೇ ಶಬ್ದ: ಮುಟ್ಟಿತು.
ಬಾರದೆ ಉಳಿದದ್ದಕ್ಕೆ: ಬರಬೇಕು.

ಅದೇ ಪೆನ್ಸಿಲ್ಲು ರಾತ್ರಿ, ಚಿಮಣಿ ಬೆಳಕಿನಲ್ಲಿ,
ವೇದಪುಸ್ತಕದ ಅಂಚಿಗೂ ಇಳಿಯುತ್ತಿತ್ತು.

ಈಗ ಆ ಪುಸ್ತಕದ ಬೆನ್ನು ಮುರಿದಿದೆ.
ಅರಿವೆಯಲ್ಲಿ ಗಂಟುಕಟ್ಟಿ ಟಾಂಗಾಕೂಟದ ಹಿಂದಿನ ಓಣಿಗೆ,
ಬುಡನಸಾಬ ಬೈಂಡರರ ಅಂಗಡಿಗೆ ಒಯ್ದೆ.
ಹುಳಿ ಬಂದ ಮೈದಾ ಅಂಟು, ಸಾಲಿಯ ಹಾಜರಿ ಪುಸ್ತಕಗಳ ಗುಡ್ಡೆ.
"ಮೂರೂ ಕಡೆ ಅರ್ಧ ಇಂಚ್ ಹೊಡದರ ಹೊಸಾದ ಆಕ್ಕೈತಿ"
ಎಂದವರು ಕತ್ತರಿ ಯಂತ್ರದ ಹಿಡಿಕೆಗೆ ಕೈಯಿಟ್ಟು
ಹಾಗೇ ನಿಂತರು. ಕನ್ನಡಕ ಹಣೆಗೇರಿಸಿ
ಹಾಳೆಯನ್ನು ಮೂಗಿನ ತನಕ ತಂದರು:
"ಇದರಾಗ ಯಾರೋ ಖಾತೆ ಬರದಾರಲ್ರೀ?"

ಮೀಕ ಹೇಳಿದ ಆ ಸಣ್ಣ ಊರಿನ ಪಕ್ಕ:
ಮುಟ್ಟಿತು. ನಮ್ಮ ನರಸಾಪುರದಷ್ಟ ಇದ್ದೀತು ಊರು.
ಮರಿಗತ್ತೆ ಏರಿ ಬರುವ ಅರಸನ ಪಕ್ಕ:
ಮುಟ್ಟಿತು. ಕತ್ತೆ ಯಾರದು, ತಿರಗಿ ಕೊಟ್ಟರೊ ಇಲ್ಲೊ?
ಮೂವತ್ತು ಬೆಳ್ಳಿ ನಾಣ್ಯದ ಪಕ್ಕ, ಒತ್ತಿ:
ಮುಟ್ಟಿತು. ಮುಟ್ಟಬಾರದಿತ್ತು.
ಬಟ್ಟೆಗೆ ಚೀಟಿ ಹಾಕಿದ ಕೀರ್ತನೆಯ ಕೆಳಗೆ
ನೇಕಾರ ಓಣಿಯ ಹೆಂಗಸೇ ಕೇಳಬಹುದಾದದ್ದು:
ಹೊಲಿಗಿ ಇಲ್ಲದ ಅಂಗಿ. ಮ್ಯಾಲಿಂದ ಕೆಳತನಕಾ ಒಂದ ನೇಯ್ಗಿ.
ನೇದಾಕಿ ಯಾರು? ಕೂಲಿ ಮುಟ್ಟಿತೊ?

ಕಾಲೇಜಿನ ಎರಡನೆಯ ವರ್ಷ, ನನಗೆ ಬುದ್ಧಿ ಹೆಚ್ಚಾಗಿದ್ದಾಗ, ಕೇಳಿದ್ದೆ:
ಆಮೇಲೆ ಬರೆದವರು ಹಳೆಯ ಮಾತಿಗೆ ಸರಿಯಾಗಿ
ಲೆಕ್ಕ ಹೊಂದಿಸಿರಬಹುದಲ್ಲ ಅಜ್ಜಿ?
ಅವಳು ಮುಳಗಾಯಿ ಸೀಳುತ್ತಿದ್ದಳು. ಸೀಳುತ್ತಲೇ:
"ಹೊಂದಸಾವ್ರನ್ನ ಭಾಳ ಮಂದೀನ ನೋಡೇನಿ.
ಸುಳ್ಳ ಲೆಕ್ಕದಾಗ ಎಲ್ಲಾ ಚಂದ ಇರತೈತಿ.
ನಮ್ಮ ಧಣಿ ಹೊಡತ ತಿಂದ, ಮಾರಿಗೆ ಉಗುಳಿಸ್ಕೊಂಡ,
ಕಳ್ಳರ ನಡುವ ಸತ್ತ ಅಂತ
ಯಾವ ಗುಮಾಸ್ತ ಬರಕೊಂತಾನ?"
ಒಂದು ಕಾಯಿಯಲ್ಲಿ ಹುಳು ಸಿಕ್ಕಿತು. ಅಷ್ಟನ್ನು ಕೆತ್ತಿ ಒಗೆದು
ಉಳಿದದ್ದನ್ನು ಉಪ್ಪುನೀರಿಗೆ ಬಿಟ್ಟಳು.
ಆ ಉತ್ತರ ನನಗೆ ಸಾಲಲಿಲ್ಲ. ಇವತ್ತಿಗೂ ಪೂರ್ತಿ ಸಾಲದು.

ಬುಡನಸಾಬರು ತಿರುವುತ್ತಲೇ ಇದ್ದರು.
ಕತ್ತಿ ಬಡಿದು ನೇಗಿಲ ಗುಳ ಮಾಡುವ ದಿನ: ಬರಬೇಕು.
ತೋಳ, ಕುರಿಮರಿ ಒಂದೇ ಕಡೆ ಮಲಗುವುದು: ಬರಬೇಕು.
ಇಸವಿ ಹಾಕಿ, ಹೊಡೆದು, ಮತ್ತೊಂದು ಇಸವಿ.
ಮರಣವನ್ನೇ ನುಂಗಿ ಎಲ್ಲರ ಕಣ್ಣೀರು ಒರೆಸುವ ಸಾಲಿಗೆ
ಮೊದಲು ಮುಟ್ಟಿತು ಎಂದು ಬರೆದು, ಅಳಿಸಿ,
ಬರಬೇಕು ಎಂದು ತಿದ್ದಿದ್ದಳು. ಕಾಗದ ಹರಿದಿತ್ತು.
ಕೆಳಗಿನ ತಾರೀಖು ನನಗೆ ಗೊತ್ತು:
ಮಿಶನ್ ದವಾಖಾನೆಯಲ್ಲಿ, ಏಳು ವರ್ಷದ ನನ್ನ ಕಾಕಾ
ತಿಮೊಥಿ ತೀರಿಕೊಂಡ ಮುಂಜಾವು.

ಹಳೆಯದು ಮುಗಿದು ಹೊಸದು ಶುರುವಾಗುವ ನಡುವೆ
ಒಂದು ಬಿಳಿ ಹಾಳೆ.
ನಾನೂರು ವರ್ಷ ಯಾವ ಪ್ರವಾದಿಯೂ ಬಾಯಿ ತೆರೆಯದ ಹಾಳೆ.
ಅಲ್ಲಿ ಅವಳೂ ಏನೂ ಬರೆದಿರಲಿಲ್ಲ.
ಕೊಬ್ಬರಿ ಎಣ್ಣೆಯ ಒಂದು ಬೆರಳಿನ ಗುರುತು, ಅಷ್ಟೇ.

"ನಮ್ಮ ಕಡೀನೂ ಈಸಾ ನಬಿ ಮತ್ತ ಬರೂದೈತ್ರಿ"
ಎಂದರು ಬುಡನಸಾಬರು, ತಮಗೇ ಎಂಬಂತೆ. "ಬಾಕಿ ಇಬ್ಬರದೂ ಐತಿ."
ಯಂತ್ರಕ್ಕೆ ಗೋಣಿತಟ್ಟು ಹೊದಿಸಿ
ಡಬ್ಬಿಯಿಂದ ದಬ್ಬಣ ಹುಡುಕಿದರು:
"ಅಂಚಿಗೆ ಕತ್ತರಿ ಹಚ್ಚೂದ ಬ್ಯಾಡ. ಒರಟ ಇರಲಿ."

ಕಿವಿಯ ಸಂದಿನ ಪೆನ್ಸಿಲ್ಲು ತೆಗೆದು ಚೀಟಿ ಬರೆದುಕೊಟ್ಟರು:
ದೊಡ್ಡ ಪುಸ್ತಕ, ಒಂದು. ಮುಟ್ಟಿತು.
ನಾನು ಮೆಟ್ಟಿಲಿಳಿಯುವಾಗ
ಅವರು ದಾರಕ್ಕೆ ಮೇಣ ಹಚ್ಚುತ್ತ ಕೂತಿದ್ದರು, ಬಾಗಿಲ ಕಡೆ ಮುಖ ಮಾಡಿ.