ಎಂಬತ್ತು ನಂಬ್ರದ ಕಾಗದ

ಕೂಳೂರು ಸಂಕದ ಬುಡದಲ್ಲಿ ರುಖ್ಯಾಳ ಝೆರಾಕ್ಸ್ ಅಂಗಡಿ.
ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ
ಮೂರು ಸತ್ತ ಮೊಬೈಲು, ಒಂದು ಕ್ಯಾಮರಾ,
ಬೀಡಿಯ ಪೊಟ್ಟಣದಲ್ಲಿ ಸುತ್ತಿಟ್ಟ ಏಳು ಕಾರ್ಡು
ಅವಳ ಮೇಜಿಗೆ ಸುರಿದೆ.
‘ಎಂತ ಐತಪ್ಪಣ್ಣ, ಮದುವೆಯದ್ದಾ?’
‘ಅಲ್ಲ ಮಾರಾಯ್ತಿ, ಬಸ್ಸಿನದ್ದು.’

ಹೌದು, ಬಸ್ಸಿನದ್ದೇ. ಬಣ್ಣ ಒಣಗಿದ ಮೇಲೆ,
ಮಾಲಕರು ಬಂದು ತೆಂಗಿನಕಾಯಿ ಒಡೆಯುವ ಮೊದಲು
ಪ್ರತಿಯೊಂದನ್ನೂ ಎದುರು ನಿಂತು ಒಂದು ಪಟ ತೆಗೆದವ ನಾನು.
ದುಡ್ಡು ಬಾಕಿ ಇಟ್ಟವರದ್ದು ಎರಡು.

ಅವಳು ಇಂಪೋರ್ಟ್ ಒತ್ತಿದಳು.
ಹಸಿರು ಪಟ್ಟಿ ತೆವಳಿತು, ಸಂಜೆ ಐದರ ನಂತೂರಿನಲ್ಲಿ
ಬಸ್ಸು ತೆವಳಿದ ಹಾಗೆ:
ಮುನ್ನೂರು, ಸಾವಿರದ ನೂರಾರು, ನಿಂತಿತು, ಮತ್ತೆ ಹೊರಟಿತು.

ತಾರೀಕು ನೋಡಿ ಅದೇ ಜೋಡಿಸ್ತದೆ ಅಣ್ಣ, ಎಂದಳು.
ಕ್ಯಾಮರಾದ ಬ್ಯಾಟರಿ ಸತ್ತಾಗಲೆಲ್ಲ ಅದರ ಗಡಿಯಾರ
ಎರಡು ಸಾವಿರದ ಜನವರಿ ಒಂದಕ್ಕೆ ಓಡಿಹೋಗುತ್ತಿತ್ತಂತೆ.
ಹಾಗಾಗಿ ಒಂದೇ ದಿನ ನಾನು
ನಾನೂರ ಹನ್ನೆರಡು ಬಸ್ಸಿಗೆ ಬಣ್ಣ ಬಳಿದಿದ್ದೇನೆ,
ಅದೂ ಕ್ಯಾಮರಾ ಕೊಳ್ಳುವುದಕ್ಕಿಂತ ಐದು ವರ್ಷ ಮೊದಲು.
ಕೂಲಿ ಎಷ್ಟಾಗಬೇಕಿತ್ತು, ಲೆಕ್ಕ ಹಾಕು ಎಂದೆ.

ಮತ್ತೊಂದು ಗುಂಡಿ ಒತ್ತಿದಳು, ಪಟ ಚಂದ ಆಗ್ತದೆಂದು.
ಕಿನ್ನಿಗೋಳಿ ರೂಟಿನ ಕೆಂಪು ಟೊಮೆಟೊ ಸಾಸಿನ ಹಾಗೆ ಉರಿಯಿತು.
ಬೇಡ, ಬೇಡ, ಹಿಂದೆ ತಾ!
ಆ ಕೆಂಪು ಮೂರು ಲೋಟ ರೆಡ್‌ಆಕ್ಸೈಡು, ಅರ್ಧ ಲೋಟ ಕಿತ್ತಳೆ,
ಕಡ್ಡಿಯ ತುದಿಯಲ್ಲಿ ಒಂದು ಹನಿ ಕಪ್ಪು.
ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ಕಳೆದರೆ
ಬಂಗುಡೆ ಪುಳಿಮುಂಚಿಯ ಬಣ್ಣಕ್ಕೆ ಇಳಿಯಲಿ ಎಂದೇ ಕಲಸಿದ್ದು.
ಇಳಿಯುವ ಬಣ್ಣ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಮುಖ ಹುಡುಕುವುದರಲ್ಲಿ ಮಾತ್ರ ಅದು ಜಾಣ.
ಬಾಗಿಲಲ್ಲಿ ನೇತಾಡುವ ಕಂಡಕ್ಟರನ ಅರ್ಧ ಮುಖಕ್ಕೆ ಒಂದು ಚೌಕ.
ಇದು ಯಾರು? ಹೆಸರು ಬರೆಯಿರಿ.
ಹೆಸರು ಗೊತ್ತಿಲ್ಲ. ‘ರೈಟ್ ಪೋಯಿ’ ಎಂದು ಬರೆಸಿದೆ.
ಗಾಜಿನೊಳಗೆ ಮೊಬೈಲು ಹಿಡಿದು ಬಗ್ಗಿದವನಿಗೂ ಒಂದು ಚೌಕ.
‘ಅದು ನೀವೇ ಅಲ್ವಾ?’
ಇರಲಿ ಬಿಡು, ಮುಂದೆ ಹೋಗು.
ಮುಂದೆ ಹೋದರೆ ಬಸ್ಸಿಗೇ ಚೌಕ!
ಹೆಡ್‌ಲೈಟು ಕಣ್ಣು, ಗ್ರಿಲ್ಲು ಹಲ್ಲು,
ಯಂತ್ರ ಅದನ್ನೂ ಮನುಷ್ಯ ಎಂದುಕೊಂಡಿದೆ.
ರುಖ್ಯಾ ನಕ್ಕು ನಕ್ಕು ಶಾಲಿನಲ್ಲಿ ಕಣ್ಣೊರೆಸಿಕೊಂಡಳು.
ನಾನು ನಗಲಿಲ್ಲ. ಮೂವತ್ತೆಂಟು ವರ್ಷದಿಂದ
ನಾನೂ ಹಾಗೆಯೇ ಎಂದುಕೊಂಡದ್ದು.

ಆಗ ಅದು ಮೂರು ಮುಖ ಸಾಲಾಗಿ ಇಟ್ಟು ಕೇಳಿತು:
ಇವರು ಮೂವರೂ ಒಬ್ಬರೇನಾ?
ಒಂದು ನೀಲಿ, ಹಣೆಯಲ್ಲಿ ‘ಮರಿಯಾ ಕೃಪಾ’.
ಇನ್ನೊಂದು ಹಸಿರು, ‘ನೂರುಲ್ ಹುದಾ’.
ಮತ್ತೊಂದು ಕೇಸರಿ ಅಂಚಿನ ಬಿಳಿ, ‘ಶ್ರೀ ವನದುರ್ಗಾ’.
ರುಖ್ಯಾ ಇಲ್ಲ ಎಂದು ಒತ್ತಲು ಹೊರಟಳು.
ನಿಲ್ಲು. ಎಡಗಣ್ಣಿನ ಕೆಳಗಿನ ತಗ್ಗು ನೋಡು,
ಪಡುಪಣಂಬೂರಿನಲ್ಲಿ ಲಾರಿಯ ಹಿಂಬದಿಗೆ ಕೊಟ್ಟದ್ದು.
ಎಷ್ಟು ಪುಟ್ಟಿ ತುಂಬಿದರೂ ಓರೆ ಬಿಸಿಲಿಗೆ ಕಾಣುತ್ತದೆ.
ಮಾಲಕರು ಬದಲಾದರು, ದೇವರು ಬದಲಾದರು,
ಡ್ರೈವರು ವಿಕ್ಟರ್ ಕೊನೆಯವರೆಗೂ ಅವನೇ.
ಹೌದು ಒತ್ತು.

ಕೊನೆಗೆ ಕೇಳಿತು: ಎಲ್ಲ ಬಂದಾಯಿತು,
ಕಾರ್ಡಿನಲ್ಲಿರುವುದನ್ನು ಅಳಿಸಲೇ?
ನನಗೆ ಹೊಸ ಪ್ರಶ್ನೆಯೇನಲ್ಲ.
ಬಸ್ಸು ಕೈ ಬದಲಾದ ಮರುದಿನವೇ ಯಾರಾದರೂ ಬಂದು ಹೇಳುತ್ತಿದ್ದರು.
ಎಂಬತ್ತು ನಂಬ್ರದ ಕಾಗದ ನೀರಿಗದ್ದಿ
ನಾನೇ ಬರೆದದ್ದನ್ನು ನಾನೇ ಉಜ್ಜುತ್ತಿದ್ದೆ.
‘ಕೃಪಾ’ದ ವಟ್ರುಸುಳಿ ಹೋಗಲು ಅರ್ಧ ದಿನ.
ಅದರೊಟ್ಟಿಗೆ ಬೆರಳಿನ ಗೆರೆಗಳೂ ಹೋದವು,
ರೇಶನ್ ಅಂಗಡಿಯ ಯಂತ್ರಕ್ಕೆ ಈಗ
ನನ್ನ ಹೆಬ್ಬೆಟ್ಟಿನ ಗುರುತು ಸಿಗುವುದಿಲ್ಲ.

ಅಳಿಸಬೇಡ ಎಂದೆ.
ಏಳು ಕಾರ್ಡನ್ನೂ ತಿರುಗಿ ಪೊಟ್ಟಣದಲ್ಲಿ ಸುತ್ತಿದೆ.
ಹೊರಗೆ ಸಂಕದ ಮೇಲೆ ಮೂಲ್ಕಿಯ ಬಸ್ಸು ಹೋಯಿತು.
ಈಗೆಲ್ಲ ಸ್ಟಿಕ್ಕರು.
‘ಎಷ್ಟಾಯಿತು ರುಖ್ಯಾ?’
‘ದುಡ್ಡು ಎಂತಕ್ಕೆ? ಅಂಗಡಿಯ ಬೋರ್ಡು ಮಾಸಿದೆ, ನೋಡಿ.’